ಸತ್ತ ಪಾತ್ರವನ್ನು ಎಬ್ಬಿಸುವವರು

ಈಚೆ ದಂಡೆಯ ಊರಿಗೂ ಆಚೆ ದಂಡೆಯ ಊರಿಗೂ ಹಗೆ. ಹೊಳೆ ನೀರಿಗಾಗಿ ಬಡಿದಾಡಿದ್ದರು. ಆ ಬಡಿದಾಟದಲ್ಲಿ ಈಚೆ ಊರಿನ ಗದಿಗೆಪ್ಪನ ಅಣ್ಣ ಸತ್ತ. ಹೊಡೆದವನು ಆಚೆ ಊರಿನ ದುರಗಪ್ಪ. ಜೈಲು ಮುಗಿಸಿ ಈಗ ಊರಿಗೆ ಬಂದಿದ್ದ.

ಅಣ್ಣ ಹೋದ ಮೇಲೆ ಗದಿಗೆಪ್ಪನಿಗೆ ಯಾರೂ ಬೇಡವಾದರು. ಒಬ್ಬನೇ ಉಣ್ಣುತ್ತಿದ್ದ, ಒಬ್ಬನೇ ಹೊಳೆಗೆ ಹೋಗುತ್ತಿದ್ದ. ಅಳು ಒಮ್ಮೆಯೂ ಬರಲಿಲ್ಲ. ದೊಡ್ಡಾಟ ಕಲಿಸುವ ಚನ್ನವೀರಜ್ಜನ ಹತ್ತಿರ ಮಾತ್ರ ಬಂದು ಕೂರುತ್ತಿದ್ದ.

ಆ ವರ್ಷ ಅಜ್ಜ ಎರಡೂ ಊರಿನವರನ್ನು ಸೇರಿಸಿ ಆಟ ಕಟ್ಟಿದರು. ಗದಿಗೆಪ್ಪನಿಗೆ ರಾಜನ ಪಾತ್ರ. ರಾಜನ ಅಣ್ಣ ಯುದ್ಧದಲ್ಲಿ ಸಾಯುತ್ತಾನೆ, ರಾಜ ಅವನ ಹೆಣದ ಮುಂದೆ ಅಳುತ್ತಾನೆ. ಆ ಅಣ್ಣನ ಪಾತ್ರ ಯಾರಿಗೆ? ದುರಗಪ್ಪನಿಗೆ! ಎಂಥಾ ಮುದುಕ ನೋಡ್ರಿ.

"ನಾ ಒಲ್ಲೆರಿ ಅಜ್ಜಾರ. ಅಂವಾ ನನಗ ಅಣ್ಣ ಆಗೂದಂದ್ರ ಏನ್ರಿ? ಹೊಟ್ಟ್ಯಾಗ ಬೆಂಕಿ ಬೀಳ್ತೈತಿ."

"ಬೀಳಲಿ. ನೀ ಮೊದಲ ನಿನ್ನ ಮಾತು ಬಾಯಿಪಾಠ ಮಾಡು."

ಅಜ್ಜನ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ಆಟದಲ್ಲಿ ಸತ್ತವನು ತಾನಾಗಿ ಏಳುವಂತಿಲ್ಲ. ಹೆಣದ ಮುಂದೆ ಅಳುವ ಪಾತ್ರದವನೇ ಅವನನ್ನು ಸ್ವಂತ ಹೆಸರಿನಿಂದ ಕರೆದು, ಕೈಹಿಡಿದು ಎಬ್ಬಿಸಬೇಕು. ಇಲ್ಲದಿದ್ದರೆ ಸಾವು ಅವನ ಬೆನ್ನು ಹತ್ತಿ ಮನೆಗೆ ಬರುತ್ತದೆ ಎಂದು ಎಲ್ಲರೂ ನಂಬಿದ್ದರು.

ಹೊಳೆಯ ಉಸುಕಿನ ಮೇಲೆ ತಾಲೀಮು ನಡೆಯಿತು. ದುರಗಪ್ಪ ಸತ್ತು ಬಿದ್ದ. ಗದಿಗೆಪ್ಪ ದೂರವೇ ನಿಂತು ಅಳುವ ಮಾತನ್ನು ಗಿಳಿಯ ಹಾಗೆ ಒಪ್ಪಿಸಿ, ತಿರುಗಿ ನೋಡದೆ ಮರದ ನೆರಳಿಗೆ ಹೋಗಿ ಕೂತ.

ಉಳಿದವರು ರೊಟ್ಟಿ ಬಿಚ್ಚಿದರು. ಬಿಸಿಲು ಏರಿತು. ಉಸುಕು ಕಾದು ಸುಡತೊಡಗಿತು. ದುರಗಪ್ಪ ಬಿದ್ದಲ್ಲೇ ಬಿದ್ದಿದ್ದ.

ಗದಿಗೆಪ್ಪ ಮುರಿದ ತುತ್ತನ್ನು ಮತ್ತೆ ರೊಟ್ಟಿಯ ಮೇಲಿಟ್ಟ. "ಅಂವಾ ಯಾಕ ಏಳವಲ್ಲ ಅಜ್ಜಾರ?"

"ಎಬ್ಬಿಸೋರು ಬರವಲ್ರು."

"ನೀವ ಎಬ್ಬಿಸ್ರಿ."

"ಅಳೂದು ನನ್ನ ಪಾತ್ರ ಅಲ್ಲ."

ಗದಿಗೆಪ್ಪನಿಗೆ ಸಿಟ್ಟು ಉಕ್ಕಿತು. "ನಮ್ಮ ಅಣ್ಣನ್ನ ಯಾರು ಎಬ್ಬಿಸ್ತಾರ್ರಿ ಹಂಗಾರ? ಹೇಳ್ರಿ!"

ಅಜ್ಜ ಬಿಸಿಲಲ್ಲಿ ಬಿದ್ದವನ ಕಡೆ ನೋಡಿದರು.

"ನಿಮ್ಮ ಅಣ್ಣನ್ನ ಎಬ್ಬಿಸಾಕ ಯಾರ ಕೈಲೂ ಆಗೂದಿಲ್ಲ ತಮ್ಮಾ. ಏಳಾಕ ಆಗೋ ಹೆಣ ಅದೊಂದ ಐತಿ."

ಗದಿಗೆಪ್ಪ ಎದ್ದು ಬಿಸಿಲಿಗೆ ಇಳಿದ. ದುರಗಪ್ಪನ ತುಟಿ ಒಣಗಿ ಒಡೆದಿತ್ತು. ಕಣ್ಣು ಮುಚ್ಚೇ ಇತ್ತು. ಇಷ್ಟು ಕಾಲ ಗದಿಗೆಪ್ಪ ಅವನನ್ನು 'ಆ ಕಟುಕ' ಎಂದೇ ಕರೆದಿದ್ದ. ಹೆಸರು ಬಾಯಿಗೆ ಬರಲು ತಡವಾಯಿತು.

"ದುರಗಪ್ಪಾ... ಏಳು."

ಕೈ ಚಾಚಿದ. ಅಣ್ಣನನ್ನು ಹೊಡೆದ ಕೈ ಅವನ ಕೈಯನ್ನು ಹಿಡಿಯಿತು. ಕೆಂಡದ ಹಾಗೆ ಸುಡುತ್ತಿತ್ತು. ಎಳೆದು ನಿಲ್ಲಿಸಿದ. ಆಗ ಗದಿಗೆಪ್ಪನಿಗೆ ಅಳು ಬಂತು. ರಾಜನ ಅಳುವಲ್ಲ, ಅಣ್ಣನನ್ನು ಕಳೆದುಕೊಂಡವನ ಅಳು. ಗದಿಗೆಪ್ಪ ಅತ್ತು ಮುಗಿಸುವತನಕ ದುರಗಪ್ಪ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ನೀರು ಕುಡಿಯಲು ಹೊಳೆಗೆ ಇಳಿದ.

ಗದಿಗೆಪ್ಪ ಅಜ್ಜನ ಹತ್ತಿರ ಬಂದು ಕೂತ.

"ಅಜ್ಜಾರ, ಸಿಟ್ಟು ಇನ್ನೂ ಹೋಗಿಲ್ಲರಿ."

"ಹೋಗ್ಲಿ ಅಂತ ಯಾರಂದ್ರು? ನಾಳೆ ತಾಲೀಮಿನ್ಯಾಗ ಮತ್ತ ಸಾಯ್ತಾನ. ಮತ್ತ ನೀನ ಎಬ್ಬಿಸು."