ಹುರಳಿಕಾಳಿನ ಎರಡು ಗುಡ್ಡೆ

ತುಂಗಭದ್ರೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿನ ಗುರು ಶಾಂತವೀರಯ್ಯ ಹಿಂದೆ ಹೃದಯದ ಡಾಕ್ಟರಾಗಿದ್ದವರು. ಶಿಷ್ಯ ಕೊಟ್ರೇಶನಿಗೆ ಧ್ಯಾನವನ್ನೂ ಕಲಿಸುತ್ತಿದ್ದರು, ವೈದ್ಯವನ್ನೂ ಕಲಿಸುತ್ತಿದ್ದರು.

ಒಂದು ಬೆಳಿಗ್ಗೆ ಅಂಬಿಗ ದುರುಗಪ್ಪ ಬಂದ. ಹರಿಗೋಲು ನಡೆಸುವಾಗ ಯಾಕೋ ಸುಸ್ತು ಎಂದ. ಗುರುಗಳು ಅವನನ್ನು ಮಲಗಿಸಿ ಐದು ನಿಮಿಷದ ಇಸಿಜಿ ತೆಗೆದರು.

ಆಮೇಲೆ ಶಿಷ್ಯನ ಮುಂದೆ ಎರಡು ಉದ್ದನೆಯ ಪಟ್ಟಿ ಹಾಸಿದರು.

"ಒಂದು ದುರುಗಪ್ಪಂದು. ಇನ್ನೊಂದು ಯಾರದು ಅಂತ ಆಮ್ಯಾಲೆ ಹೇಳ್ತೀನಿ. ಬಡಿತ ಬಡಿತದ ನಡುವಿನ ಅಂತರ ಅಳಿ. ಒಂದು ಅಂತರಕ್ಕ ಒಂದು ಹುರಳಿಕಾಳು. ಸಣ್ಣ ಅಂತರದ್ದು ಎಡಕ್ಕ, ದೊಡ್ಡದು ಬಲಕ್ಕ."

ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಪಟ್ಟಿಗೊಂದರಂತೆ ಎರಡು ಗುಡ್ಡೆ. ದುರುಗಪ್ಪನ ಕಾಳೆಲ್ಲ ಒಂದೇ ಕಡೆ ಒಟ್ಟಿಕೊಂಡಿದ್ದವು. ಇನ್ನೊಂದರ ಕಾಳು ಗೇಣಗಲ ಹರಡಿದ್ದವು.

"ಅಜ್ಜಾರ, ದುರುಗಪ್ಪಣ್ಣಗ ಏನೂ ಆಗಿಲ್ಲ. ಎದಿ ಗಡಿಯಾರ ಇದ್ದಂಗ ಐತಿ. ಹರಿಗೋಲು ನಡೆಸಲಿ."

ದುರುಗಪ್ಪ ಖುಷಿಯಿಂದ ಎದ್ದು ಹುಟ್ಟು ಕೈಗೆತ್ತಿಕೊಂಡ.

"ಇನ್ನೊಬ್ಬಂದು?" ಗುರುಗಳು ಕೇಳಿದರು.

"ಪಾಪ, ಅವನ ಗತಿ ಕಷ್ಟ. ಒಂದು ಬಡಿತ ಇದ್ದಂಗ ಇನ್ನೊಂದಿಲ್ಲ."

"ಅದು ನಿಂದು. ನಿನ್ನೆ ಯಂತ್ರ ಕಲಿಸುವಾಗ ತೆಗೆದದ್ದು."

ಕೊಟ್ರೇಶ ಎದೆಯ ಮೇಲೆ ಕೈಯಿಟ್ಟುಕೊಂಡ.

"ಸಮಚಿತ್ತ ಸಮಚಿತ್ತ ಅಂತ ವರ್ಷ ಪೂರ್ತಿ ಧ್ಯಾನಕ್ಕ ಕುಂತೀನಿ. ಎದಿ ಮಾತ್ರ ಸಮ ಆಗಲಿಲ್ಲೇನ್ರಿ? ಸಾಯ್ತೀನೇನು ನಾನು?"

ಗುರುಗಳು ನಕ್ಕರು.

"ನಿನ್ನ ಮಣಿಕಟ್ಟು ಹಿಡಿ. ಮೆಲ್ಲಕ ಉಸಿರೆಳಿ. ಈಗ ಬಿಡು."

ಉಸಿರು ಒಳಗೆ ಬಂದಾಗ ನಾಡಿ ಅವಸರ ಮಾಡಿತು. ಹೊರಗೆ ಹೋದಾಗ ನಿಧಾನವಾಯಿತು. ಕೊಟ್ರೇಶ ಮತ್ತೆ ಎಳೆದ, ಮತ್ತೆ ಬಿಟ್ಟ. ಹುಟ್ಟಿದಾಗಿನಿಂದ ತನ್ನೊಳಗೆ ಇದು ನಡೆದೇ ಇತ್ತು, ತನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂದವು.

"ಗಟ್ಟಿ ಎದಿ ಹಿಂಗ ಬಡೀತೈತಿ" ಎಂದು ಗುರುಗಳು ಅಂಬಿಗನ ಕಡೆ ತಿರುಗಿದರು.

"ಹೊಳಿ ದಾಟುವಾಗ ಹುಟ್ಟು ಒಂದೇ ಸಮ ಹಾಕ್ತಿಯೇನಪ್ಪಾ?"

"ಹಂಗ ಹಾಕಿದ್ರ ಮುಳುಗತೀವ್ರೀ ಅಜ್ಜಾರ. ಸೆಳವು ಹೆಂಗ ಬರ್ತೈತೋ ಹಂಗ ಕೈ ತಿರುಗಬೇಕು."

ಕೊಟ್ರೇಶ ಒಂದೇ ಕಡೆ ಒಟ್ಟಿಕೊಂಡಿದ್ದ ಕಾಳುಗಳನ್ನು ನೋಡಿದ. ಈಗ ಅವನಿಗೆ ಹೆದರಿಕೆಯಾಯಿತು.

"ಅಣ್ಣನ ಎದಿ ಯಾವ ಸೆಳವಿಗೂ ತಿರುಗವಲ್ದು, ಅಜ್ಜಾರ."

"ರೋಗದ ಹೆಸರು ಕಾಳು ಹೇಳಂಗಿಲ್ಲ. ತಡ ಮಾಡಬ್ಯಾಡ ಅಂತ ಹೇಳ್ತಾವ. ಆಚೆ ದಂಡಿ ಆಸ್ಪತ್ರಿಗೆ ಈಗಲೇ ಕರ್ಕೊಂಡು ಹೋಗು. ಹುಟ್ಟು ನೀನು ಹಾಕು."

"ನನಗ ಬರಂಗಿಲ್ಲಲ್ರೀ!"

ಗುರುಗಳು ದುರುಗಪ್ಪನ ಕೈಯಿಂದ ಹುಟ್ಟು ತೆಗೆದು ಶಿಷ್ಯನ ಕೈಗಿಟ್ಟರು.

"ಅವ ಹೇಳಿಕೊಡ್ತಾನ. ಅವನ ಎದಿ ಮರೆತದ್ದು ಕೈಗೆ ಇನ್ನೂ ನೆನಪೈತಿ."