ತುತ್ತಿಲ್ಲದ ಕೌದಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಕಾಶವ್ವನವರು. ನಮ್ಮ ಓಣಿಯ ಹಿರಿಯರು, ವಯಸ್ಸು ಎಪ್ಪತ್ತರ ಮೇಲೆ. ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯಲು ಹೊರಟು, ಮೂರನೆಯ ದಿನವೇ ಅದಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೇರಿಸಿದ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. "ಕೂಡು ಇಲ್ಲೆ," ಎಂದರು. "ನಮ್ಮ ಅತ್ತಿ ಕಥಿ ಹೇಳ್ತೀನಿ. ಕಣ್ಣಾರೆ ಕಂಡದ್ದು. ಕೇಳಿದ ಮ್ಯಾಲ ಆ ಪೆಟ್ಟಿಗಿ ಇಳಸೂದು ಬಿಡೂದು ನಿನಗ ಬಿಟ್ಟದ್ದು."

ಪೂಜ್ಯ ಶ್ರೀ ಅಡವಯ್ಯ ಶಿವಯೋಗಿಗಳು ಆಗ ಕೃಷ್ಣಾ ನದಿಯ ದಂಡೆಯ ಮುತ್ತಲಗಡ್ಡಿಯ ಮಠದಲ್ಲಿದ್ದರು. ಮಠವೆಂದರೆ ದೊಡ್ಡ ಕಟ್ಟಡವೆಂದು ತಿಳಿಯಬಾರದು. ಮಣ್ಣಿನ ಮಾಳಿಗೆಯ ಎರಡು ಅಂಕಣ, ದಾಸೋಹದ ಒಂದು ಒಲೆ, ಅಂಗಳದಲ್ಲೊಂದು ಬೇವಿನ ಮರ, ಇಷ್ಟೇ. ಪೂಜ್ಯರು ಬೆಳಗಿನ ಲಿಂಗಪೂಜೆ ಮುಗಿಸಿ ಆ ಬೇವಿನ ಕೆಳಗೆ ಕುಳಿತುಕೊಳ್ಳುತ್ತಿದ್ದರು. ಭಕ್ತರು ತಂದೊಪ್ಪಿಸಿದ ಜರಿಯ ಶಾಲು, ಮೆತ್ತನೆಯ ಗಾದಿಗಳೆಲ್ಲ ಸಂಜೆಯೊಳಗೆ ಯಾವುದಾದರೂ ಬಡವರ ಮನೆ ಸೇರುತ್ತಿದ್ದವು. ಪೂಜ್ಯರಿಗೆ ಆಸನವಾಗಿ ಉಳಿಯುತ್ತಿದ್ದುದು ಒಂದು ಕೌದಿ ಮಾತ್ರ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿಯುವ ಕೌದಿ ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಆದರೆ ಅಷ್ಟು ಕೆಟ್ಟ ಕೌದಿ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಅಂಚೆಲ್ಲ ಒಣಗಿದ ಹಪ್ಪಳದಂತೆ ಮುರುಟಿಕೊಂಡಿತ್ತು. ಹೊಲಿಗೆಯೋ, ಎತ್ತ ಹೊರಟಿದೆಯೆಂದು ಅದಕ್ಕೇ ತಿಳಿಯದು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇದರಲ್ಲೇನೋ ದೊಡ್ಡ ತತ್ವವಿರಬೇಕೆಂದು ಭಕ್ತರು ಅದಕ್ಕೂ ಒಂದು ಕೈ ಮುಗಿದು ಸುಮ್ಮನಾಗುತ್ತಿದ್ದರು.

ಕಾಶವ್ವನವರ ಅತ್ತೆ ನಿಂಬೆವ್ವ ಆ ಸೀಮೆಗೆಲ್ಲ ಕೌದಿಯ ಕೈಗೆ ಹೆಸರಾದವರು. ಅವರ ಹೊಲಿಗೆ ಇರುವೆಯ ಸಾಲಿದ್ದಂತೆ. ಮಗಳನ್ನು ಗಂಡನ ಮನೆಗೆ ಕಳಿಸುವವರನ್ನು ನೆರೆಯವರು, "ನಿಂಬೆವ್ವನ ಕೌದಿ ಕೊಟ್ಟೀರಿಲ್ಲೋ?" ಎಂದೇ ಕೇಳುತ್ತಿದ್ದರಂತೆ. ಅಂಥವರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. "ಕಾಲು ಉಳೀತು. ಬಾಯಿ ತಂಟೇಕ ಮಾತ್ರ ಲಕ್ವಾನೂ ಹೋಗಲಿಲ್ಲ, ಅಂಜಿತ್ತು," ಎನ್ನುತ್ತಾರೆ ಕಾಶವ್ವ.

ಕಾಶವ್ವ ಆಗ ಚೊಚ್ಚಲ ಬಸುರಿ, ಏಳು ತಿಂಗಳು. ತವರಿನಲ್ಲಿ ತಾಯಿಯಿಲ್ಲದ ಕಾರಣ ಹೆರಿಗೆ ಅತ್ತೆಯ ಮನೆಯಲ್ಲೇ. ಆ ಮನೆತನದ ಪದ್ಧತಿಯೊಂದಿತ್ತು: ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಹಾಸುವ ಕೌದಿಯನ್ನು ಅಜ್ಜಿಯೇ ಹೊಲಿದಿರಬೇಕು. ಊರ ಕೂಸುಗಳಿಗೆಲ್ಲ ಹೊಲಿದ ನಿಂಬೆವ್ವನಿಗೆ ಸ್ವಂತ ಮೊಮ್ಮಗುವಿನ ಹೊತ್ತಿಗೆ ಕೈಯಿಲ್ಲ! ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಎಡಗೈಯಲ್ಲಿ ಸೂಜಿ ಹಿಡಿದು ನೋಡಿದರು. ನಾಲ್ಕು ಸಾಲು ಹೊಲಿದು, ಅದನ್ನೊಮ್ಮೆ ಬೆಳಕಿಗೆ ಹಿಡಿದು, ಎದ್ದು ಹೋಗಿ ಉರಿಯುವ ಒಲೆಗೆ ಹಾಕಿದರು. ತಿರುಗಿದರೆ ಬಾಗಿಲಲ್ಲಿ ಸೊಸೆ.

"ಏನರೆ ನೋಡಿದೇನು?"

"ಇಲ್ರಿ ಅತ್ತಿ."

"ಸುಳ್ಳ ಹೇಳಾಕೂ ಬರಂಗಿಲ್ಲ ನಿನಗ," ಎಂದವರೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟ ಅರ್ಧಕ್ಕಿಳಿಯಿತು. ಬೈಗುಳವೂ ಕಡಿಮೆಯಾಯಿತು. ಅದನ್ನು ಕಂಡೇ ಸೊಸೆಗೆ ಗಾಬರಿಯಾದದ್ದು. ಎಂಟನೆಯ ದಿನ ನಿಂಬೆವ್ವ ತಾವಾಗಿಯೇ ಎದ್ದು, "ನಡಿ, ಅಜ್ಜಾರ ಕಡೆ ಹೋಗೂಣು," ಎಂದರು.

ಮಠಕ್ಕೆ ಬಂದವರು ಪೂಜ್ಯರಿಗೆ ನಮಸ್ಕಾರವನ್ನೂ ಮಾಡಲಿಲ್ಲ. "ಅಜ್ಜಾರ, ನನಗ ಮಾತು ಬ್ಯಾಡ, ಕೈ ಬೇಕು. ವಿಭೂತಿ ಹಚ್ಚತೀರೋ, ಮಂತ್ರ ಹಾಕತೀರೋ, ಹೆಂಗರೆ ಮಾಡಿ ಇದನ್ನ ಎಬ್ಬಿಸ್ರಿ. ಎರಡ ತಿಂಗಳ ಸಾಕು. ಆಮ್ಯಾಲ ಬೇಕಾದ್ರ ಎರಡೂ ಕೈ ಬೀಳಲಿ."

ಪೂಜ್ಯರು ಅವರ ಹಣೆಗೆ ವಿಭೂತಿ ಇಟ್ಟರು. ಬಿದ್ದ ಕೈಯನ್ನೊಮ್ಮೆ ನೋಡಿ, "ಅದನ್ನ ಎಬ್ಬಿಸೋ ಶಕ್ತಿ ನನಗಿಲ್ಲ, ತಾಯಿ," ಎಂದರು.

ನಿಂಬೆವ್ವ ತಲೆ ತಗ್ಗಿಸಿದರು. ತಗ್ಗಿಸಿದ ಕಣ್ಣಿಗೆ ಪೂಜ್ಯರ ಆಸನ ಬಿತ್ತು. ಕಸುಬಿನವರ ಕಣ್ಣು, ದುಃಖದಲ್ಲೂ ಸುಮ್ಮನಿರಲಿಲ್ಲ. ಅಂಚು ನೋಡಿತು, ಸಾಲು ನೋಡಿತು. ತಿಂಗಳುಗಟ್ಟಲೆ ನಗದಿದ್ದ ನಿಂಬೆವ್ವ ಒಮ್ಮೆಲೇ ನಕ್ಕುಬಿಟ್ಟರು.

"ಯಪ್ಪಾ! ಇದನ್ನ ಯಾ ಪುಣ್ಯಾತ್ಮ ಹೊಲದಾನ್ರಿ? ಕಾಲಿಲೆ ಹೊಲದಾನೇನು?"

ಅಂಗಳದಲ್ಲಿದ್ದವರು ಗಲ್ಲ ಗಲ್ಲ ಬಡಿದುಕೊಂಡರು. ಪೂಜ್ಯರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. "ಕೈಲೇ ಹೊಲದದ್ದು, ತಾಯಿ. ಈ ಕೈಲೇ."

ಹಿಂದೊಂದು ಮಾಗಿಯಲ್ಲಿ ಮಠಕ್ಕೆ ಬಂದ ಪಾದಯಾತ್ರಿಗಳು ಬರಿಯ ನೆಲದ ಮೇಲೆ ನಡುಗುತ್ತಾ ಮಲಗಿದ್ದನ್ನು ಕಂಡು, ಪೂಜ್ಯರು ಯಾರಿಗೂ ಹೇಳದೆ ಕೇಳದೆ ತಾವೇ ಸೂಜಿ ಹಿಡಿದು ಕುಳಿತಿದ್ದರು. ಅದು ಅವರ ಮೊದಲ ಕೌದಿ. ಬೇರೆ ಯಾರಾದರೂ ಆಗಿದ್ದರೆ ನಾಲಗೆ ಕಚ್ಚಿಕೊಂಡು ಕಾಲಿಗೆ ಬೀಳುತ್ತಿದ್ದರು. ನಿಂಬೆವ್ವ ಬೀಳಲಿಲ್ಲ. ಬಗ್ಗಿ ಇನ್ನಷ್ಟು ಹತ್ತಿರದಿಂದ ನೋಡಿದರು.

"ನಡುವಿಂದ ಶುರು ಮಾಡೀರಲ್ರಿ, ಅಜ್ಜಾರ! ಹಂಗಾದ್ರ ತುತ್ತು ಎಲ್ಲಿಟ್ಟೀರಿ?"

ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ರೂಢಿ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದನ್ನು ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತದು ಎಂಬುದು ಹಿರಿಯರ ಮಾತು.

"ತುತ್ತು ಇಟ್ಟಿಲ್ಲ, ತಾಯಿ. ಗೊತ್ತಿರಲಿಲ್ಲ."

"ಶಿವಶಿವಾ! ಇಷ್ಟು ವರ್ಷ ಹಸದ ಕೌದಿ ಮ್ಯಾಲ ಕುಂತೀರಿ?"

"ಹೌದು," ಎಂದರು ಪೂಜ್ಯರು. "ಆದರ ಒಲಿಗೆ ಹಾಕಿಲ್ಲ."

ನಿಂಬೆವ್ವನ ನಗು ಅಲ್ಲಿಗೇ ನಿಂತಿತು. ಒಲೆಯ ಸುದ್ದಿ ಪೂಜ್ಯರಿಗೆ ಯಾರು ಹೇಳಿದರು? "ನಾನಂತೂ ಹೇಳಿರಲಿಲ್ಲ, ಲಿಂಗದಾಣಿ," ಎನ್ನುತ್ತಾರೆ ಕಾಶವ್ವ. ಪವಾಡ ಬೇಕಾದವರು ಇಷ್ಟನ್ನೇ ಕಟ್ಟಿಕೊಂಡು ಮನೆಗೆ ಹೋಗಬಹುದು. ನನಗೆ ದೊಡ್ಡದಾಗಿ ಕಾಣುವುದು ಮುಂದಿನದು.

"ಎರಡನೇದು ಹೊಲೀಬೇಕಂತೀನಿ," ಎಂದರು ಪೂಜ್ಯರು. "ಕಲಿಸಾವರು ಬೇಕು."

"ನನಗ ಕೈ ಇಲ್ಲಲ್ರಿ."

"ಬಾಯಿ ಐತೆಲ್ಲ."

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆಯಿಂದ ಪಾಠ ಆರಂಭವಾಯಿತು. ಪೂಜ್ಯರು ತಮ್ಮ ಹಳೆಯ ಕಾವಿ ವಸ್ತ್ರವನ್ನೇ ಕತ್ತರಿಸಿ ಪದರ ಮಾಡಿಟ್ಟುಕೊಂಡಿದ್ದರು. ಊರಿಗೆ ಊರೇ ಪಾದ ಮುಟ್ಟುವ ಮಹಾತ್ಮರು ಕೆಳಗೆ, ನಿಂಬೆವ್ವ ಬೇವಿನ ಕಟ್ಟೆಯ ಮೇಲೆ. ಕಟ್ಟೆಯಿಂದ ಮಾತುಗಳು ಉದುರುತ್ತಲೇ ಇದ್ದವು. "ತಪ್ಪ ತಿಳೀಬ್ಯಾಡ್ರಿ ಅಜ್ಜಾರ, ಎಮ್ಮಿ ಕಟ್ಟೋ ಹಗ್ಗ ಅಲ್ಲ ಅದು, ದಾರ!" ಪೂಜ್ಯರು ಬಿಚ್ಚುತ್ತಿದ್ದರು, ಮತ್ತೆ ಹೊಲಿಯುತ್ತಿದ್ದರು. "ಹಿಂಗೇನು, ತಾಯಿ?" "ಹಂಗಲ್ರಿ!" ಮತ್ತೆ ಬಿಚ್ಚುತ್ತಿದ್ದರು. ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ.

ಮೂರನೆಯ ದಿನ ಹೊಲಿಗೆ ಮೂಲೆಗೆ ಬಂತು. ಮೂಲೆಯಲ್ಲಿ ಸಾಲು ತಿರುಗುವಾಗ ದಾರ ಜಗ್ಗಬಾರದು. ಪೂಜ್ಯರು ಜಗ್ಗಿದರು. ಬಟ್ಟೆ ಗುಪ್ಪೆಯಾಯಿತು. ನಿಂಬೆವ್ವನಿಗೆ ಕೈ ಬಿದ್ದದ್ದನ್ನು ತಾಳಿಕೊಳ್ಳುವುದು ಸಾಧ್ಯವಿತ್ತೋ ಏನೋ, ಮೂಲೆ ಕೆಟ್ಟದ್ದನ್ನು ತಾಳಲಾಗಲಿಲ್ಲ. "ಬಿಡ್ರಿ ಇತ್ತ!" ಎಂದು ಕಟ್ಟೆಯಿಂದಿಳಿದು, ಪೂಜ್ಯರ ಕೈಯ ಸೂಜಿ ಕಸಿದು, ಬಟ್ಟೆಯನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು, ಚಕಚಕನೆ ನಾಲ್ಕು ಹೊಲಿಗೆ ಹಾಕಿ ಮೂಲೆ ತಿರುಗಿಸಿಬಿಟ್ಟರು.

ಹಾಕಿದ ಮೇಲೆ ತಿಳಿಯಿತು, ಸೂಜಿ ಇದ್ದದ್ದು ಎಡಗೈಯಲ್ಲಿ.

ನಾಲ್ಕೂ ಸೊಟ್ಟಗಿದ್ದವು. ನಿಂಬೆವ್ವನ ಮುಖ ಕೆಂಪಾಯಿತು. ಸೂಜಿ ಕೆಳಗಿಡಬೇಕೆನ್ನುವಷ್ಟರಲ್ಲಿ ಪೂಜ್ಯರು ಬಗ್ಗಿ, ಆ ಹೊಲಿಗೆಗಳನ್ನು ಭಕ್ತಿಯಿಂದ ನೋಡಿ ನುಡಿದರು. "ತಿರುವು ತಿಳೀಲಿಲ್ಲ. ಇನ್ನೊಮ್ಮೆ ತೋರಸ್ರಿ, ತಾಯಿ."

ತೋರಿಸಿದರು. ಮುಂದಿನ ಮೂಲೆಯಲ್ಲೂ ತಿಳಿಯಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಶಾಸ್ತ್ರದ ಎಂಥೆಂಥ ಗಂಟುಗಳನ್ನೋ ಬಿಡಿಸಿದ ಪೂಜ್ಯರಿಗೆ ಆ ಒಂದೂವರೆ ತಿಂಗಳು ಒಂದು ಮೂಲೆಯ ತಿರುವು ಅರ್ಥವಾಗಲೇ ಇಲ್ಲ! ಮೂಲೆಯಿಂದ ಮೂಲೆಯವರೆಗಿನ ಸಾಲೂ ಬರಬರುತ್ತ ನಿಂಬೆವ್ವನ ಪಾಲಿಗೇ ಬಂತು. ಪೂಜ್ಯರ ಪಾಲಿಗೆ ಸೂಜಿಗೆ ದಾರ ಪೋಣಿಸುವ ಕೆಲಸ ಉಳಿಯಿತು.

ನಡುವೆ ಅಂಗೈಯಗಲ ಜಾಗ ಉಳಿದ ದಿನ ನಿಂಬೆವ್ವ ಸೊಸೆಯನ್ನು ಕರೆದು ದಾಸೋಹದ ಒಲೆಯಿಂದ ಒಂದು ಚೂರು ರೊಟ್ಟಿ ತರಿಸಿದರು. ಎಡಗೈಯಿಂದಲೇ ಒಳಗಿಟ್ಟು, ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದರು. ಬಿಡಿಸಿ ನೋಡಿದರೆ, ಅಂಚಿನಲ್ಲಿ ಕುಡುಕ ನಡೆದ ಹೆಜ್ಜೆ. ನಾಲ್ಕು ಬೆರಳು ಒಳಗೆ ಬಂದರೆ ಕೂಸು ನಡೆಯಲು ಕಲಿತ ಹೆಜ್ಜೆ. ನಡುವಿನಲ್ಲಿ ಇರುವೆಯ ಸಾಲು.

"ಭಾಳ ಸಣ್ಣದಾತಲ್ರಿ, ಅಜ್ಜಾರ. ಮಠದಾಗ ಇದನ್ನ ಯಾರು ಹೊದೀತಾರ?"

"ತೊಟ್ಟಲ ಅಳತಿ," ಎಂದರು ಪೂಜ್ಯರು. "ನಿಮ್ಮ ಸೊಸೀನ ಕೇಳಿ ಕತ್ತರಿಸಿದ್ದೆ."

ಅತ್ತೆ ಸೊಸೆಯ ಕಡೆ ತಿರುಗಿ ನೋಡಿದ ನೋಟ ಕಾಶವ್ವನವರಿಗೆ ಇಂದಿಗೂ ಮರೆತಿಲ್ಲ. ಬೈಗುಳ ನಾಲಗೆಯ ತುದಿಗೆ ಬಂದು, ಕಣ್ಣೀರಾಗಿ ಇಳಿಯಿತಂತೆ. ಆದರೂ ಹಟ ಹೋಗಲಿಲ್ಲ. "ಬ್ಯಾಡ್ರಿ. ಹೆಸರಿಡೋ ದಿನ ಊರ ಹೆಂಗಸರೆಲ್ಲ ಬರತಾರ. ನಿಂಬೆವ್ವನ ಅಂಚು ನೋಡಿ ನಗತಾರ."

"ನಗಲಿ," ಎಂದರು ಪೂಜ್ಯರು. "ಅಂಚಿಗೆ ನಕ್ಕವರು ನಡಕ್ಕ ಬರಲಿ."

ನಿಂಬೆವ್ವ ಆಗ ಪಾದಕ್ಕೆರಗಿದರು. ಎರಗಿದ ತಲೆ ತಗುಲಿದ್ದು ಆ ಮುರುಟಿದ ಅಂಚಿಗೆ, ತುತ್ತಿಲ್ಲದ ಕೌದಿಗೆ.

ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ಹೆಂಗಸರು ತೊಟ್ಟಿಲ ಸುತ್ತ ಬಗ್ಗಿದರು. ಬೆರಳುಗಳು ಅಂಚು ಸವರಿದವು, ತುಟಿಗಳು ಕೊಂಕಿದವು. ಆಮೇಲೆ ಬೆರಳುಗಳು ಒಳಸಾಲು ಹಿಡಿದು ನಡುವಿಗೆ ಬಂದು ನಿಂತವು. "ಇದು ಯಾರ ಕೈಲೆ ಆದದ್ದು?" ಎಂದು ಒಬ್ಬಾಕೆ ಕೇಳಿದರು. ನಿಂಬೆವ್ವ ತುಂಬಿದ ಮನೆಯಲ್ಲಿ ಎಡಗೈ ಎತ್ತಿದರು. "ಈ ಕೈಲೆ." ಆಮೇಲೆ ಅಂಚಿನ ಸೊಟ್ಟ ಹೊಲಿಗೆಯ ಮೇಲೆ ಬೆರಳಿಟ್ಟು, ಯಾರೂ ಕೇಳದಿದ್ದರೂ ಹೇಳಿದರು: "ಇದೂ ನಂದಽ."

ಪೂಜ್ಯರ ಕೃಪೆಯಿಂದ ನಿಂಬೆವ್ವನ ಬಲಗೈ ಎದ್ದಿತೆಂದು ಈಗ ಕೆಲವರು ಹೇಳುತ್ತಾರೆ. ಕಾಶವ್ವನವರಿಗೆ ಸಿಟ್ಟು ಬರುತ್ತದೆ. "ಎದ್ದಿಲ್ಲ! ಸಾಯೂತನ ಎದ್ದಿಲ್ಲ. ಹನ್ನೊಂದ ವರ್ಷ ಎಡಗೈಲೇ ಹೊಲದಾಳ ನಮ್ಮತ್ತಿ. ಅದನ್ಯಾಕ ಸಣ್ಣದು ಮಾಡತೀರಿ?" ಕಲಿಯಲು ಬಂದ ಹುಡುಗಿಯರನ್ನು ನಿಂಬೆವ್ವ ಮೊದಲ ದಿನವೇ ಮಠಕ್ಕೆ ಕರೆದೊಯ್ದು ಪೂಜ್ಯರ ಆಸನ ತೋರಿಸುತ್ತಿದ್ದರಂತೆ. ಪೂಜ್ಯರು ಅದನ್ನು ಕೊನೆಯವರೆಗೂ ಬದಲಿಸಲಿಲ್ಲ. ಲಿಂಗೈಕ್ಯರಾದಾಗಲೂ ಅದರ ಮೇಲೆಯೇ ಕುಳಿತಿದ್ದರು.

ಇಷ್ಟು ಹೇಳಿ ಕಾಶವ್ವ ಒಳಗೆ ಹೋಗಿ, ಬಣ್ಣ ಮಾಸಿದ ಕಾವಿಯ ಒಂದು ಪುಟ್ಟ ಕೌದಿ ತಂದು ನನ್ನ ತೊಡೆಯ ಮೇಲೆ ಹಾಸಿದರು. ನಾಲ್ಕು ಕೂಸುಗಳನ್ನು ಮಲಗಿಸಿದ ಕೌದಿ. ನನ್ನ ಬೆರಳು ತಾನಾಗಿಯೇ ಅಂಚಿನಿಂದ ನಡುವಿಗೆ ಹೋಯಿತು.

"ಕೇಳಿ ಗಂಟು ಕಟ್ಟಿ ಇಟಗೋಬ್ಯಾಡ," ಎಂದರು. "ಯಾರರೆ ತಮ್ಮ ಮೊದಲನೇದನ್ನ ಹಿಡಕೊಂಡು ಒಲಿ ಕಡೆ ಹೊಂಟಿದ್ರ, ಕೈ ಹಿಡದು ನಿಲ್ಲಿಸಿ ಹೇಳು."

ಹಾರ್ಮೋನಿಯಂ ಅಟ್ಟದಿಂದ ಇಳಿದಿದೆ, ಓಣಿಯವರು ಕ್ಷಮಿಸಬೇಕು. ಕಾಶವ್ವನವರ ಮಾತಿನಂತೆ ನಾನು ನಿಮಗೆ ಹೇಳಿದ್ದೇನೆ. ಒಲೆಯ ಕಡೆ ಹೊರಟವರು ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ನೀವು ಹೇಳಿ.