ಖಾಲಿ ಬಿಟ್ಟ ನಾಲ್ಕು ತೂತು

ಹೊಳೆದಂಡೆಯ ಒಂದು ಮಠದಲ್ಲಿ ಮುಪ್ಪಿನಜ್ಜನೆಂಬ ಗುರುಗಳಿದ್ದರು. ಮಠದ ತಾಳೆಗರಿಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ಅವರ ಕಾಯಕ. ಬಿಡಿಭಾಗ ತಂದು ಕಂಪ್ಯೂಟರು ಜೋಡಿಸುವುದೂ ಅಲ್ಲೇ.

ಅಲ್ಲೊಂದು ಪದ್ಧತಿ. ಅಜ್ಜ ಹಿರಿಯ ಶಿಷ್ಯನಿಗೆ ಮಾತ್ರ ಕಲಿಸುತ್ತಾರೆ. ಹೊಸಬರಿಗೆ ಕಲಿಸುವುದು ಆ ಹಿರಿಯನ ಪಾಲು.

ಹಿರಿಯನ ಹೆಸರು ರಾಚಯ್ಯ. ಎಂಟು ವರ್ಷ ಮಠದ ಅನ್ನ ಉಂಡವನು. ಹೊಳೆಯಾಚೆ ಹೊಸ ಶಾಲೆ ಏಳುತ್ತಿತ್ತು. ಅಲ್ಲಿಗೆ ಕಲಿಸಲು ತಾನೇ ಹೋಗಬೇಕೆಂಬುದು ಅವನ ಆಸೆ.

ಆರು ತಿಂಗಳ ಹಿಂದೆ ದಾಕ್ಷಾಯಿಣಿ ಕಲಿಯಲು ಬಂದಳು. ತೋರಿಸಿದ್ದನ್ನು ಎರಡನೇ ಸಲ ಕೇಳುವವಳಲ್ಲ.

ಒಂದು ದಿನ ಊಟದ ಪಂಕ್ತಿಯಲ್ಲಿ ಅಜ್ಜ, "ಈ ಹುಡುಗಿ ಕೈ ಚಲೋ ಐತಿ" ಎಂದರು.

ರಾಚಯ್ಯನಿಗೆ ಅನ್ನ ಸೇರಲಿಲ್ಲ. ಎಂಟು ವರ್ಷದಲ್ಲಿ ಆ ಮಾತು ಅವನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಸಿಕ್ಕಿತು.

ಮರುದಿನ ರಾಚಯ್ಯ ದಾಕ್ಷಾಯಿಣಿಗೆ ಹೇಳಿಕೊಟ್ಟದ್ದು ಬಿಡಿಭಾಗಗಳೆಲ್ಲ ಕೂರುವ ಮದರ್‌ಬೋರ್ಡಿನ ಪಾಠ.

"ಈ ಮೆಮೊರಿ ಪಟ್ಟಿಯೊಳಗ ಒಂದು ಕಚ್ಚು ಐತಿ. ಅದನ್ನ ಹೊಂದಿಸಿ ಕೂಡಿಸು. ಎರಡೂ ತುದಿ ಒತ್ತು. ಟಕ್ ಅನ್ನೂತನಕ ಬಿಡಬ್ಯಾಡ."

ಒತ್ತಿದಳು. ಎರಡೂ ಕಡೆ ಟಕ್ ಎಂದಿತು.

"ಇನ್ನ ಕರೆಂಟು. ಈ ಉದ್ದನ ಪ್ಲಗ್ಗು ಇಲ್ಲಿ."

ಅದೂ ಕೂತಿತು.

"ಮೂಲ್ಯಾಗ ನಾಲ್ಕು ತೂತಿಂದು ಒಂದೈತಲ್ಲಣ್ಣಾ, ಇದಕ್ಕ ಏನು ಹಾಕಬೇಕು?"

ಅದು ಪ್ರೊಸೆಸರಿಗೆ ಕರೆಂಟು ಹೋಗುವ ಜಾಗ. ಅಲ್ಲಿ ಪ್ಲಗ್ಗು ಇಲ್ಲದಿದ್ದರೆ ಫ್ಯಾನು ತಿರುಗೀತು, ಕಂಪ್ಯೂಟರು ಏಳದು. ರಾಚಯ್ಯನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

"ಅದು ಖಾಲಿನ ಇರ್ತೈತಿ," ಎಂದ.

ಅಲ್ಲಿ ಕೂರಬೇಕಿದ್ದ ಪುಟ್ಟ ಪ್ಲಗ್ಗಿನ ವಾಯರನ್ನು ಅವಳಿಗೆ ಕಾಣದಂತೆ ಮಡಚಿ ಹಿಂದೆ ಸಿಕ್ಕಿಸಿದ. ಅವತ್ತು ಅವನಿಗೆ ಊಟ ರುಚಿಸಿತು.

ವಾರ ಕಳೆದು ಅಜ್ಜ ಇಬ್ಬರನ್ನೂ ಕರೆದರು.

"ರಾಚಯ್ಯಾ, ಎಲ್ಲಾ ಕಲಿಸೀಯೇನು?"

"ಕಲಿಸೇನ್ರಿ ಅಜ್ಜಾರ."

"ಹಂಗಾರ ಅಕಿ ಜೋಡಿಸ್ಲಿ."

ದಾಕ್ಷಾಯಿಣಿ ಜೋಡಿಸಿದಳು. ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು.

ನಗು ಕಾಣದಿರಲೆಂದು ರಾಚಯ್ಯ ತಲೆ ತಗ್ಗಿಸಿದ.

ಅಜ್ಜ ಬಾಗಿ ಆ ನಾಲ್ಕು ತೂತಿನ ಮೇಲೆ ಬೆರಳಿಟ್ಟರು. "ಇದು ಯಾಕ ಖಾಲಿ ಐತಿ?"

ದಾಕ್ಷಾಯಿಣಿ ಆ ಜಾಗ ನೋಡಿದಳು. ಆಮೇಲೆ ರಾಚಯ್ಯನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು, ಕಣ್ಣು ತುಂಬಿ ಬಂತು.

"ಅಣ್ಣಾರು ಹೇಳಿದ್ರು ಅಜ್ಜಾರ. ನಾನ ಮರ್ತೆ."

ಅಜ್ಜ ಅವಳನ್ನು ಹೊರಗೆ ಕಳಿಸಿದರು.

ರಾಚಯ್ಯ ತಲೆ ಎತ್ತಿದ. ನಗು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

"ಅಕಿ ಮರ್ತಿಲ್ರಿ. ಅಕಿ ಕೇಳಿದ್ಲು. ನಾನ ಸುಳ್ಳು ಹೇಳ್ದೆ."

"ಯಾಕ?"

"ಹೊಟ್ಟಿಕಿಚ್ಚು ಅಜ್ಜಾರ. ಹೊಳಿಯಾಚಿ ಶಾಲಿಗೆ ಅಕಿನ್ನ ಕಳಸ್ತೀರಿ ಅನಿಸ್ತು."

"ಅಕಿನ್ನ ಕಳಸೂ ವಿಚಾರ ನನ್ನ ತಲ್ಯಾಗ ಇರಲಿಲ್ಲ," ಎಂದರು ಅಜ್ಜ. "ಇವತ್ತಿನ ಪರೀಕ್ಷೆ ನಿಂದು. ಕಲಿಸಾಕ ಹೋಗಾಂವ ಕಲಿಸ್ತಾನೋ ಇಲ್ಲೋ ನೋಡಬೇಕಿತ್ತು."

ಎಂಟು ವರ್ಷ ಕಾದದ್ದನ್ನು ರಾಚಯ್ಯ ತನ್ನ ಕೈಯಾರೆ ಕಳೆದುಕೊಂಡಿದ್ದ.

"ಇನ್ನ ನಾ ಏನು ಮಾಡ್ಲಿ ಅಜ್ಜಾರ? ಇಲ್ಲಿ ನನಗ ಕಲಿಯೂದು ಏನೂ ಉಳಿದಿಲ್ಲ."

ಅಜ್ಜ ಕಂಪ್ಯೂಟರಿನ ವಾಯರು ಕಿತ್ತು ಪಕ್ಕಕ್ಕಿಟ್ಟರು.

"ನಿನ್ನ ತಪ್ಪು ತನ್ನ ಮ್ಯಾಲ ಹಾಕ್ಕೊಂಡ್ಲಲ್ಲ, ಅದನ್ನ ಅಕಿಗೆ ನೀ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಯಾರ ಕಡೆ ಕಲ್ತಿ ಅಂತ ಅಕಿನ್ನ ಕೇಳ್ಕೊಂಡು ಬಾ."